ಅಪ್ಪನ ಸುರಂಗ, ಅವ್ವನ ಲಿಂಗ

ನನ್ನ ಲಿಂಗಕ್ಕ ನಮ್ಮಪ್ಪ ಎರಡು ಸಲ ಕೈ ಹಾಕ್ಯಾನ. ಮೊದಲನೇ ಸಲ ಶಿವದಾರ ಹರೀತು, ಎರಡನೇ ಸಲ ಅವ್ವನ ಪಕ್ಕೆಲಬು ಮುರೀತು. ಕೇಳಿದವರು, ನಿಮ್ಮಪ್ಪೇನು ರಾಕ್ಷಸ ಇದ್ನೇನವಾ ಅಂತಾರ. ರಾಕ್ಷಸ ಅಲ್ಲ, ಬಾವಿ ಒಡಿಯಾಂವ ಇದ್ದ. ದೇವರನ್ನ ನಂಬತಿರಲಿಲ್ಲ. ನಂಬತಿರಲಿಲ್ಲ ಅನ್ನೂದಕಿಂತ, ದೇವರ ಮ್ಯಾಲ ಹಗಿತನ ಸಾಧಸ್ತಿದ್ದ ಅಂದ್ರ ಖರೆ ಆಗತೈತಿ.

ನಮ್ಮೂರು ಉಟಗಿ ಕಡೆ ಹೊಲ ಅಂದ್ರ ಮ್ಯಾಲ ಒಂದು ಗೇಣು ಮಣ್ಣು, ಕೆಳಗ ಬರೇ ಕಲ್ಲು. ಬಾವಿ ಬೇಕಂದ್ರ ಆ ಕಲ್ಲು ಒಡೀಬೇಕು. ಕಲ್ಲಿಗೆ ತೂತು ಹೊಡದು, ಅದರಾಗ ಮದ್ದಿನ ತೋಟಾ ತುಂಬಿ, ಬತ್ತಿ ಹಚ್ಚಿ, ಹಗ್ಗ ಹಿಡದು ಲಗೂನ ಮ್ಯಾಲ ಬರಬೇಕು. ಇದಕ್ಕ ಸುರಂಗ ಹಾರಸೂದು ಅಂತಾರ. ಸುತ್ತ ಹತ್ತೂರಾಗ ಸುರಂಗ ಹಾರಸೂದಂದ್ರ ನಮ್ಮಪ್ಪನ ಬೇಕಾಗತಿದ್ದ. ಅವನ ಎಡಗೈಯಾಗ ಎರಡು ಬಟ್ಟು ಇರಲಿಲ್ಲ, ಬಲಗಿವಿ ಕೇಳತಿರಲಿಲ್ಲ. ಕಿವಿ ಹೋದಾಂವ ತಾನೂ ಒದರತಾನ, ಎದುರಿನವರನ್ನೂ ಒದರಸ್ತಾನ. ಹಂಗಾಗಿ ನಮ್ಮ ಮನ್ಯಾಗ ಉಪ್ಪು ಕೇಳಿದ್ರೂ ಓಣಿ ಮಂದಿಗೆ ಜಗಳ ಹತ್ತೇತಿ ಅನಸ್ತಿತ್ತು. ಅರ್ಧಾ ಸಲ ಹತ್ತಿರತಿತ್ತು ಬಿಡ್ರಿ.

ನಾವು ಲಿಂಗಾಯತರು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಅಯ್ನೋರು, ಅಂದ್ರ ಜಂಗಮರು, ಬಂದು ಶಿವದಾರಲೆ ಕೊಳ್ಳಿಗೆ ಲಿಂಗ ಕಟ್ಟತಾರ. ಅದು ಸಾಯೂತನಾ ಮೈಮ್ಯಾಲ ಇರಬೇಕು, ಸತ್ತ ಮ್ಯಾಲ ಎಡಗೈಯಾಗ ಇಟ್ಟ ಮಣ್ಣ ಮಾಡತಾರ. ದಿನಾ ಜಳಕ ಮಾಡಿ, ಲಿಂಗ ಎಡಗೈಯಾಗ ಇಟಗೊಂಡು, ಇಬತ್ತಿ ಹಚ್ಚಿ, ಪತ್ರಿ ಏರಿಸಿ, ಅದನ್ನ ನೋಡಕೋತ ಕುಂದ್ರಬೇಕು. ಆ ಪೂಜಿ ಆಗೂತನಾ ಬಾಯಾಗ ಹನಿ ನೀರ ಹಾಕೂಹಂಗಿಲ್ಲ. ಲಿಂಗ ಕಳಕೊಂಡವರು ಅದು ಸಿಗೂತನಾ ಇಲ್ಲಾ ಅಯ್ನೋರು ಬ್ಯಾರೆ ಕಟ್ಟೂತನಾ ಉಣ್ಣೂಹಂಗಿಲ್ಲ. ಲಿಂಗ ಬಿತ್ತಂದ್ರ ಜೀವಾ ಬಿದ್ದಂಗ ಅಂತ ಅವ್ವ ಹೇಳತಿದ್ಳು. ಇಷ್ಟೆಲ್ಲ ಆಗೂ ಎಲ್ಲಾರೂ ಮಾಡತಿರಲಿಲ್ಲ, ಈಗಂತೂ ಕೇಳಬ್ಯಾಡ್ರಿ. ನಮ್ಮವ್ವ ಮಾಡತಿದ್ಳು. ನಮ್ಮ ಕಾಕಾ, ಅಂದ್ರ ಅಪ್ಪನ ಬೆನ್ನಿಗೆ ಬಿದ್ದ ತಮ್ಮ, ಅಂವಾನೂ ಮಾಡತಿದ್ದ.

ಕಾಕಾ ಅಪ್ಪನ ಜೋಡಿ ಸುರಂಗದ ಕೆಲಸಕ್ಕ ಹೋಗತಿದ್ದ. ನಾ ಸಾಲ್ಯಾಗ ಒಂದನೇ ಇಯತ್ತಾದಾಗ ಇದ್ದಾಗ ಕುಣಿಕೋಣೂರ ಕಡೆ ಒಂದು ಬಾವಿ ಒಡಿಯಾಕ ಹತ್ತಿದ್ರು. ಅವತ್ತ ಕೆಳಗ ಇಳದು ಬತ್ತಿ ಹಚ್ಚೂ ಪಾಳಿ ಕಾಕಾಂದು. ಆರು ಬತ್ತಿ ಹಚ್ಚಿ ಹಗ್ಗ ಏರಕೋತ ಬಂದ. ಬಾವಿ ಬಾಯಿಗೆ ಬಂದಾಗ ಅಪ್ಪ ಅವನ ಮಣಿಕಟ್ಟು ಹಿಡದು ಎಳಕೊಳ್ಳಾಕ ಹತ್ತಿದ್ದ. ಅಷ್ಟರಾಗ ಕಾಕಾನ ಶಿವದಾರ ಕಲ್ಲಿನ ಚೂಪಿಗೆ ಸಿಕ್ಕ ಹರದು, ಲಿಂಗ ಕೆಳಗ ಬಿತ್ತು. ಕಾಕಾ ಕೈ ಕೊಸರಿಕೊಂಡ. ಅಣ್ಣಾ, ಲಿಂಗ ಬಿತ್ತೋ ಅಂದವನ ಹೊಳ್ಳಿ ಇಳದ. ಅಪ್ಪ ಮ್ಯಾಲಿಂದ ಒದರಿದ್ದ ಒದರಿದ್ದು. ಕಾಕಾ ತಳಕ್ಕ ಹೋಗಿ ಲಿಂಗ ಆರಿಸಿಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡನಂತ. ಆ ಕಣ್ಣಿಗೆ ಒತ್ತಿಕೊಂಡ ಹೊತ್ತಿನಾಗ ನಾಕು ಮಾರು ಹಗ್ಗ ಏರಬಹುದಿತ್ತು ಅಂತ ಅಪ್ಪ ಸಾಯೂತನಾ ಅಂದ. ಹಗ್ಗ ಹಿಡಿಯೂದ್ರಾಗ ಆರೂ ಹಾರಿದವು.

ಕಾಕಾನ ಕೈಯಾಗ ಲಿಂಗ ಸಿಕ್ಕಿತು. ಕೈ ಒಂದು ಕಡೆ ಇತ್ತು, ಕಾಕಾ ಒಂದು ಕಡೆ ಇದ್ದ. ಇದನ್ನ ನನಗ ಯಾರೂ ಮುಚ್ಚಿಡಲಿಲ್ಲ. ಅಪ್ಪ ಸಿಟ್ಟಿಗೆದ್ದಾಗೊಮ್ಮೆ ಇದನ್ನ ಹೇಳತಿದ್ದ, ವಾರಕ್ಕ ನಾಕು ಸಲ ಸಿಟ್ಟಿಗೇಳತಿದ್ದ.

ಮಣ್ಣ ಮಾಡೂ ಹೊತ್ತಿಗೆ ನಾ ಅವ್ವನ ಸೆರಗಿನ ಸಂದಿನಾಗ ನಿಂತ ನೋಡೀನಿ. ಅಯ್ನೋರು ವಳಸಂಗದಿಂದ ಬಂದಿದ್ರು. ಕುಣಿಯಾಗ ಕುಂದರ್ಸಿದ ಹೆಣದ ಮುಂದ ನಿಂತು, ಲಿಂಗದ ಸಲುವಾಗಿ ಪ್ರಾಣ ಬಿಟ್ಟಾಂವ ಎಂಥಾ ಪುಣ್ಯವಂತ, ಇಂಥಾ ಸಾವು ಎಷ್ಟ ಮಂದಿಗೆ ಸಿಗತೈತಿ ಅಂದ್ರು. ಅಪ್ಪ ಅವರ ಬಾಯಿಮ್ಯಾಲ ಹೊಡದ. ಅಯ್ನೋರು ಬಿದ್ರು, ಕೊಳ್ಳಾಗಿನ ರುದ್ರಾಕ್ಷಿ ಹರದು ಮಣ್ಣಾಗ ಚೆಲ್ಲಿದವು. ಮಂದಿ ಅಪ್ಪನ್ನ ಹಿಡಕೊಂಡ್ರು. ಹಿಡಕೊಂಡವರ ಕೈಯಾಗಿಂದ ಕೊಸರಿಕೊಂಡು ಅಪ್ಪ ತನ್ನ ಕೊಳ್ಳಾಗಿನ ಲಿಂಗ ಹರದ ಕುಣಿಯಾಗ ಒಗದು, ಸಲಿಕಿ ಕಸಗೊಂಡು ತಾನ ಮಣ್ಣ ಎಳದ. ನಮ್ಮ ಕಾಕಾನ ಕುಣಿಯಾಗ ಎರಡು ಲಿಂಗ ಅದಾವ.

ಅವತ್ತ ಮನಿಗೆ ಬಂದವನ ಕಾನೂನು ಮಾಡಿದ: ಈ ಮನ್ಯಾಗ ಯಾರ ಕೊಳ್ಳಾಗೂ ಲಿಂಗ ಇರಬಾರದು. ಅವ್ವ, ನೀವು ಬಿಟ್ರಿ, ಬಿಡ್ರಿ, ನನ್ನ ಕೈಲೆ ಆಗಂಗಿಲ್ಲ ಅಂದ್ಳು. ಅಷ್ಟಕ್ಕ ಮೊದಲನೇ ಹೊಡತ ಬಿತ್ತು. ಗಂಡಹೆಂಡರ ಜಗಳ ಉಂಡು ಮಲಗೂತನಾ ಅಂತಾರ. ನಮ್ಮ ಮನ್ಯಾಗ ಉಣ್ಣೂದ ಜಗಳ ಇತ್ತು. ಪೂಜಿ ಆಗಲಾರದ ಆಕಿ ಉಣ್ಣಾಕಿ ಅಲ್ಲ, ತನ್ನ ಎದುರು ಪೂಜಿ ಮಾಡಗೊಡಾಂವ ಅಂವಾ ಅಲ್ಲ. ಹಂಗಾಗಿ ಅಪ್ಪ ಮನ್ಯಾಗಿದ್ದ ದಿನಾ ಅವ್ವ ದನದ ಕೊಟಗ್ಯಾಗ, ಹೊಟ್ಟಿನ ಚೀಲದ ಹಿಂದ ಕುಂತ ಪೂಜಿ ಮುಗಸ್ತಿದ್ಳು. ನನ್ನ ಮಗ್ಗಲಕ ಕುಂದರ್ಸಿಕೊಂಡು ನನ್ನ ಕೈಯಾಗ ನನ್ನ ಲಿಂಗ ಇಡತಿದ್ಳು. ಕಣ್ಣ ಪಿಳುಕಿಸಬ್ಯಾಡವ್ವಾ, ನೋಡು, ಬರೇ ನೋಡು ಅಂತಿದ್ಳು. ಎಮ್ಮಿ ಬಾಲ ನಮ್ಮ ಮಾರಿಗೆ ಬಡೀತಿತ್ತು.

ಅಪ್ಪನ್ನ ಬರೇ ಕೆಟ್ಟಾಂವ ಅಂದ್ರ ನನ್ನ ನಾಲಿಗಿಗೆ ಹುಳಾ ಬೀಳತಾವ. ಜತ್ತಿಗೆ ಹೋದ್ರ ನನಗಂತ ಚುರಮುರಿ ಪೊಟ್ಟಣ ಕಟ್ಟಿಸಿಕೊಂಡ ಬರತಿದ್ದ. ಹೆಣ್ಣಿಗ್ಯಾಕ ಸಾಲಿ ಅಂದವರ ಕೊಳ್ಳಪಟ್ಟಿ ಹಿಡದಾನ. ಬಾವಿಯಾಗ ನನಗ ಈಜು ಕಲಿಸಿದಾಂವ ಅಂವನ. ಆದ್ರ ದೇವರ ಮಾತು ಬಂತಂದ್ರ ಮುಗೀತು. ಎಂಬತ್ತು ಫೂಟ ಇಳದೇನಿ, ಕಲ್ಲಿನ ಕೆಳಗ ಕಲ್ಲೈತಿ, ಅದರ ಕೆಳಗೂ ಕಲ್ಲೈತಿ, ಎಲ್ಲಿ ಅದಾನ ನಿಮ್ಮಪ್ಪ ಶಿವ ಅಂತ ಅವ್ವಗ ಕೇಳತಿದ್ದ. ಅವ್ವ ರೊಟ್ಟಿ ಬಡಕೋತ ಇರತಿದ್ಳು. ಆಕಿ ಸುಮ್ಮನಿದ್ದಷ್ಟು ಅವನ ಸಿಟ್ಟು ಏರತಿತ್ತು. ಒಮ್ಮೆ ಹಂಚಿನ ಮ್ಯಾಲಿನ ರೊಟ್ಟಿ ಸಮೇತ ಹಂಚ ಒದ್ದ. ಒಮ್ಮೆ ಬಾವಿಗೆ ಇಳಿಯೂ ಹಗ್ಗ ನೀರಾಗ ತೊಯ್ಸಿ ಅದರಲೆ ಹೊಡದ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರು ಅನ್ನೂ ಮಾತು ನಾ ಸಾಲ್ಯಾಗ ಕಲ್ತದ್ದಲ್ಲ.

ಮೂರನೇ ಇಯತ್ತಾದಾಗ ಇದ್ದಾಗ ಒಂದು ಮುಂಜಾನೆ ಅವ್ವ ನನ್ನ ತಲಿ ಹಿಕ್ಕಾಕ ಹತ್ತಿದ್ಳು. ಜಡಿ ಎತ್ತಿದಾಗ ಹಿಂದಿನಿಂದ ಬಂದ ಅಪ್ಪಗ ಶಿವದಾರ ಕಾಣಿಸ್ತು. ನನ್ನದು ಎಂದೋ ತಗದಾಳ ಅಂತ ಅಂವಾ ತಿಳಕೊಂಡಿದ್ದ. ಬಂದವನ ದಾರಕ್ಕ ಬಟ್ಟು ಸಿಗಿಸಿ ಜಗ್ಗಿದ. ದಾರ ಗಟ್ಟಿ ಇತ್ತು, ಎರಡು ಸಲ ಜಗ್ಗಿದ್ರೂ ಹರೀಲಿಲ್ಲ. ನನಗ ಉಸರು ಕಟ್ಟಿ ಕಣ್ಣ ಮುಂದ ಕತ್ತಲಿ ಬಂತು. ಮೂರನೇದಕ್ಕ ಹರೀತು. ಲಿಂಗ ಒಯ್ದು ತಿಪ್ಪಿಯಾಗ ಒಗದ. ಕೊಳ್ಳ ಸುತ್ತ ಕೆಂಪನ ಗೆರಿ ಬಿದ್ದಿತ್ತು, ಸಾಲ್ಯಾಗ ಹುಡುಗ್ಯಾರು ಉರುಲು ಹಾಕೊಂಡಿದ್ದೇನಲೇ ಅಂತ ಕೇಳಿದ್ರು. ಸಂಜೀತನಾ ಅವ್ವ ಬರಿಗೈಲೆ ತಿಪ್ಪಿ ಕೆದರಿ ಅದನ್ನ ಹುಡುಕಿದ್ಳು. ನಾ ಅವತ್ತ ಉಪಾಸ ಇದ್ದೆ. ಸಿಕ್ಕ ಮ್ಯಾಲ ತೊಳದು ಪೂಜಿ ಮಾಡಿ ಉಂಡೆ. ಆಮ್ಯಾಲ ಅವ್ವ ದಾರ ಬಿಟ್ಟು, ಅದನ್ನ ಬಟ್ಟೆಯಾಗ ಸುತ್ತಿ ನನ್ನ ನಡದಾಗಿನ ಪರಕಾರದ ಲಾಡಿಗೆ ಕಟ್ಟಿದ್ಳು.

ಈಗ ಖರೆ ಹೇಳತೀನಿ. ನಾ ದೇವರನ್ನ ನಂಬಿದ್ದು ಭಕ್ತಿಲೆ ಅಲ್ಲ, ಜಿದ್ದಿಲೆ. ಅವ್ವಗ ಒಂದೊಂದು ಏಟು ಬಿದ್ದಾಗೂ ನಾ ಲಾಡಿಗೆ ಕಟ್ಟಿದ ಆ ಗಂಟು ಮುಷ್ಟ್ಯಾಗ ಹಿಡಕೊಂಡು, ಶಿವನ, ನಾಳೆ ಇಂವಾ ಬತ್ತಿ ಹಚ್ಚಿದಾಗ ಹಗ್ಗ ಹರೀಲಿ ಅಂತ ಬೇಡಕೊಂಡೇನಿ. ಒಂದ ಸಲ ಅಲ್ಲ, ಎಷ್ಟೋ ಸಲ. ಮರದಿನ ಸಂಜೀಕ ಜೀಪಿನಿಂದ ಅಪ್ಪ ಇಳದಿದ್ದು ಕಂಡ್ರ, ಬೇಡಿದ್ದು ಆಗಲಿಲ್ಲಲ್ಲ ಅಂತ ಅದ ಲಿಂಗಕ್ಕ ಕೈ ಮುಗೀತಿದ್ದೆ. ಇಂಥಾ ಭಕ್ತಿನ್ನ ಏನಂತ ಕರೀಬೇಕೋ ನನಗ ಈಗೂ ತಿಳೀವಲ್ತು. ಕೊಟಗ್ಯಾಗ ಕುಂತ ನೋಡತಿದ್ದಾಗ ಮಾತ್ರ, ಅಂಗೈಯಾಗ ಆ ಕರಿ ಕಲ್ಲು ಬೆಚ್ಚಗ ಆಗೂ ಹೊತ್ತಿಗೆ, ನನ್ನ ಮೈಯಾಗಿನ ನಡಕ ನಿಲ್ಲತಿತ್ತು. ಅದೊಂದು ಜಾಗಾದಾಗ ಯಾರೂ ಒದರತಿರಲಿಲ್ಲ.

ನಾ ಎಂಟನೇ ಇಯತ್ತಾ ಮುಗಿಸಿದ ಬ್ಯಾಸಗಿ ಅದು. ಅಪ್ಪ ಮತ್ತ ಕುಣಿಕೋಣೂರಿನಾಗ ಕೆಲಸ ಹಿಡದಿದ್ದ. ಬತ್ತಿ ಹಚ್ಚೂಕಿಂತ ಮೊದಲ ಒಬ್ಬ ಆಳು ಕೈ ಮುಗದು ನಿಂತನಂತ. ಅಪ್ಪ ಅವನ ಕಪಾಳಕ್ಕ ಹೊಡದು, ದೇವರಿಗೆ ಕೈ ಮುಗಿಯಾಂವ ನನ್ನ ಬಾವಿಗೆ ಇಳೀಬಾರದು ಅಂದ. ಆ ಆಳು ಎಲ್ಲಾರ ಎದುರ ಹೇಳಿದ: ಮೊದಲ ನಿನ್ನ ಮನ್ಯಾಗ ನೋಡಕೋ, ನಿನ್ನ ಹೆಂಡತಿ, ಮಗಳು ಇಬ್ರೂ ಕೊಟಗ್ಯಾಗ ಕುಂತ ಲಿಂಗಪೂಜಿ ಮಾಡತಾರ, ಊರಿಗೆಲ್ಲ ಗೊತ್ತೈತಿ, ನಿನಗೊಬ್ಬಂವಗ ಗೊತ್ತಿಲ್ಲ. ಅಪ್ಪ ಕೆಲಸ ಅಲ್ಲೇ ಬಿಟ್ಟು ಜೀಪ ಹತ್ತಿ ಬಂದ. ಹನ್ನೊಂದರ ಹೊತ್ತು. ಅವತ್ತ ಅಪ್ಪ ಇಲ್ಲಂತ ನಾವು ಪಡಸಾಲ್ಯಾಗ ಕುಂತಿದ್ವಿ, ಇಬ್ಬರ ಕೈಯಾಗೂ ಲಿಂಗ ಇತ್ತು.

ಬಾಗಲದಾಗ ಬೆಳಕು ಮುಚ್ಚಿದ್ದು ಗೊತ್ತಾತು, ಅಷ್ಟ. ಅವ್ವನ ಅಂಗೈಯಾಗಿಂದ ಲಿಂಗ ಕಸಗೊಂಡ, ಕಸಗೊಳ್ಳೂ ಹೊತ್ತಿಗೆ ಆಕಿ ಬಟ್ಟು ಹಿಂದಕ್ಕ ಮುರದ. ನಾ ಅವನ ಕೈಗೆ ಬಾಯಿ ಹಾಕಿದೆ. ಎಲಬಿಗೆ ಹಲ್ಲು ತಾಗೂತನಾ ಕಚ್ಚಿದೆ, ನೆತ್ತರದ ರುಚಿ ಬಂದ್ರೂ ಬಿಡಲಿಲ್ಲ. ಅಪ್ಪ ಇನ್ನೊಂದ ಕೈಲೆ ನನ್ನ ಕಿವಿಮ್ಯಾಲ ಹೊಡದ. ಕಿವ್ಯಾಗ ಗುಂಯ್ ಅಂತ ಹತ್ತಿದ್ದು ವಾರ ಕಳೀತು. ಆಮ್ಯಾಲ ನನ್ನ ಲಿಂಗಕ್ಕ ಕೈ ಹಾಕಿದ. ಅವ್ವ ನನ್ನ ಕೆಡವಿ ನನ್ನ ಮ್ಯಾಲ ಬೋರಲ ಬಿದ್ದಳು. ನನ್ನ ಲಿಂಗ ನನ್ನ ಎದಿ ಕೆಳಗಿತ್ತು, ನಾ ಅವ್ವನ ಎದಿ ಕೆಳಗಿದ್ದೆ, ಅಪ್ಪ ಮ್ಯಾಲಿಂದ ಒದೀತಿದ್ದ. ಒಂದೊಂದು ಒದಿಕಿಗೂ ಅವ್ವನ ಉಸರು ನನ್ನ ಕುತ್ತಿಗಿಗೆ ಬಡೀತಿತ್ತು. ಒಂದು ಒದಿಕಿಗೆ ಒಳಗ ಟಕ್ ಅಂತು. ಅದನ್ನ ಆಕಿ ಕೇಳಿದ್ಳೋ ಇಲ್ಲೋ, ನಾ ಕೇಳೀನಿ.

ನನ್ನದು ಸಿಗಲಿಲ್ಲ. ಅವ್ವಂದನ್ನ ಒಯ್ದು ಹಿತ್ತಲ ಬಾವಿಗೆ ಒಗದ. ಅಪ್ಪ ತನ್ನ ಕೈಲೆ ಸುರಂಗ ಹಾರಿಸಿ ತೋಡಿದ ಬಾವಿ ಅದು. ಬ್ಯಾಸಗ್ಯಾಗೂ ಮೂರಾಳು ನೀರು ಇರತಿತ್ತು, ಅದರ ಕೆಳಗ ರಾಡಿ. ನಾ ಓಡಿ ಹೋಗೂದ್ರಾಗ ನೀರು ಸುಮ್ಮನಾಗಿತ್ತು.

ಅವ್ವ ಎದ್ದು ಕುಂತು, ಸೆರಗ ಸರಿ ಮಾಡಿಕೊಂಡು ಗ್ವಾಡಿಗೆ ಆನಿಕೊಂಡ್ಳು. ಅತ್ತಿಲ್ಲ, ಬೈದಿಲ್ಲ. ಅವತ್ತಿಂದ ನೀರ ಬಂದ್.

ಮಧ್ಯಾಹ್ನ ನಾನೂ ಉಣ್ಣಂಗಿಲ್ಲಂದೆ. ನಿಂದು ಐತಿ, ನೀ ಉಣ್ಣಬೇಕು, ನೀ ಬಿಟ್ಟಿಯಂದ್ರ ನಾ ಒದಿಸಿಕೊಂಡಿದ್ದಕ್ಕ ಏನ ಅರ್ಥ ಅಂದ್ಳು. ಆಕಿ ಎದುರ ಕುಂತ ರೊಟ್ಟಿ ಮುರದು ತಿಂದೀನಿ. ಒಂದೊಂದು ತುತ್ತೂ ಮುಳ್ಳಿನಂಗ ಇಳೀತು. ಅಪ್ಪ ಹೊರಗ ಕಟ್ಟಿಮ್ಯಾಲ ಕಲ್ಲು ಒಡಿಯೂ ಹಾರಿ ಹಿಡಕೊಂಡ ಕುಂತಿದ್ದ, ಬೀಡಿ ಸೇದಕೋತ. ಅಂವಾನೂ ಉಣ್ಣಲಿಲ್ಲ. ಅದಕ್ಕ ಯಾರೂ ಉಪಾಸ ಅನ್ನಲಿಲ್ಲ.

ಎರಡನೇ ದಿನ ಮುಂಜಾನೆ ನಾ ಬಾವಿಗೆ ಇಳದೆ. ಕಿವಿ ಒಡಿಯೂತನಾ ಮುಳಗಿ ರಾಡಿಯಾಗ ಕೈ ಆಡಿಸಿದೆ. ಕಲ್ಲು ಸಿಕ್ಕವು, ಒಡಕು ಕೊಡದ ಕಂಠ ಸಿಕ್ಕಿತು. ಹೊಡತ ತಿಂದ ಕಿವಿಯಾಗಿಂದ ನೆತ್ತರ ಬಂತು. ಹತ್ತು ಸಲ ಮುಳಗಿ ಹತ್ತು ಸಲ ಎದ್ದೆ. ಮ್ಯಾಲ ಅಪ್ಪ ಬಂದು ನಿಂತಿದ್ದ. ಬಾ ಮ್ಯಾಲ ಅಂತ ಒದರಿದ. ಅವನ ದನಿ ಅವತ್ತ ಬ್ಯಾರೆ ಇತ್ತು. ನಾ ಬರಂಗಿಲ್ಲಂದದ್ದಕ್ಕ ಅಂಗಿ ಸಮೇತ ಜಿಗದು, ಜಡಿ ಹಿಡದು ನನ್ನ ಎಳದ ತಂದು ಮೆಟ್ಟಲ ಮ್ಯಾಲ ಒಗದ. ಅಲ್ಲೇ ಹೊಡದ. ನಿಮ್ಮ ಕಾಕಾನೂ ಹಿಂಗ ಇಳದಿದ್ದ, ನೀನೂ ಇಳಿ ಅಂದ.

ಮಧ್ಯಾಹ್ನ ತಂಬಿಗಿ ನೀರು ತಗೊಂಡು ಅಪ್ಪ ಅವ್ವನ ಮುಂದ ಮೊಣಕಾಲೂರಿ ಕುಂತ. ಕುಡಿ ಅಂದ. ಆಕಿ ಮಾರಿ ಹೊಳ್ಳಿಸಿದ್ಳು. ಗದ್ದ ಹಿಡದು ತಂಬಿಗಿ ಬಾಯಿಗೆ ತುರುಕಿದ. ತಂಬಿಗಿ ಅಂಚಿಗೆ ಮುಂದಿನ ಹಲ್ಲು ಮುರೀತು. ಮೂಗ ಹಿಡದ, ನೀರು ಹೊಯ್ದ, ಆಕಿ ಕೆಮ್ಮಿ ನೀರು, ನೆತ್ತರು, ಹಲ್ಲು ಎಲ್ಲಾ ಅವನ ಅಂಗಿಮ್ಯಾಲ ಉಗಳಿದ್ಳು. ಹನಿ ಒಳಗ ಹೋಗಿದ್ರ ನನಗ ಗೊತ್ತಿಲ್ಲ. ಅಪ್ಪ ತಂಬಿಗಿ ಗ್ವಾಡಿಗೆ ಒಗದು, ಸಾಯಿ, ಅಂವಾ ಸತ್ತ, ನೀನೂ ಅದರ ಸಲುವಾಗಿ ಸಾಯಿ ಅಂತ ಒದರಿ, ತನ್ನ ತಲಿ ತಾನ ಗ್ವಾಡಿಗೆ ಬಡಕೊಂಡ. ಮಣ್ಣಿನ ಗ್ವಾಡಿ, ಹೆಂಟಿ ಉದರಿತು.

ಮೂರನೇ ದಿನ ಅವ್ವಗ ಮಾತು ನಿಂತು ಹೋದವು. ತುಟಿ ಒಡದು ಕರ್ರಗಾಗಿದ್ವು, ಕಣ್ಣು ಒಳಗ ಹೋಗಿದ್ವು. ಬಾಜೂಮನಿ ಪಿಂಜಾರ ಮಾಮಿ ಬಂದು ಆಕಿ ಕಾಲು ತಿಕ್ಕಿದ್ಳು. ನಾವೂ ರೋಜಾ ಇರತೀವಿ ತಾಯಿ, ಆದ್ರ ಹೊತ್ತು ಮುಳಗಿದ್ರ ಅಲ್ಲಾನೂ ಉಣ್ಣು ಅಂತಾನ, ನಿಮ್ಮ ಶಿವ ಇದೆಂಥಾ ಹಟಮಾರಿ ಅಂದ್ಳು. ಅವ್ವನ ಮಾರಿಮ್ಯಾಲ ನಗಿಯಂಥಾದ್ದು ಒಂದು ಬಂದು ಹೋತು. ಮಾಮಿನ ತನ್ನ ಮಗನ್ನ ಕಳಿಸಿ ವಳಸಂಗದ ಅಯ್ನೋರನ್ನ ಕರಿಸಿದ್ಳು. ಹೊಸಾ ಲಿಂಗ ಕಟ್ಟಿದ್ರ ಅವ್ವ ಉಣ್ಣತಿದ್ಳು, ಅದಷ್ಟ ಹಾದಿ ಉಳದಿತ್ತು. ಅಯ್ನೋರು ಓಣಿ ತುದಿತನಾ ಬಂದ್ರು. ಅಪ್ಪ ಹಾರಿ ಎತ್ತಿಕೊಂಡ ಎದ್ದು ನಿಂತ. ಲಿಂಗ ತಗೊಂಡ ಈ ಹೊಸ್ತಲ ದಾಟಿದವರ ಕಾಲ ಮುರೀತೀನಿ ಅಂದ. ಒಮ್ಮೆ ಆ ಕೈಲೆ ಬಾಯಿಗೆ ತಿಂದ ಅಯ್ನೋರು, ಅಲ್ಲಿಂದನ ಹೊಳ್ಳಿ ಎಸ್‌ಟಿ ಸ್ಟ್ಯಾಂಡಿಗೆ ಹೋದ್ರು.

ಆಗ ನನಗ ತಿಳೀತು, ಇವತ್ತ ಸಂಜೀ ಒಳಗ ನಮ್ಮವ್ವ ಸಾಯತಾಳ ಅಂತ. ಯಾರೂ ಹೇಳಬೇಕಾಗಿರಲಿಲ್ಲ. ಮಾಮಿ ಅಳಾಕ ಸುರು ಮಾಡಿದ್ಳು.

ನಾ ಹಿಂದಿನ ಬಾಗಲದಿಂದ ಬಾವಿಗೆ ಹೋದೆ. ಮುಳಗಲಿಲ್ಲ. ಮೆಟ್ಟಲ ಮ್ಯಾಲ ಕುಂತು ತಲಿಮ್ಯಾಲ ನೀರ ಹೊಯ್ಕೊಂಡೆ, ಅರಿವಿ ತೋಯಿಸಿಕೊಂಡೆ. ಲಾಡಿಯ ಗಂಟು ಬಿಚ್ಚಿ ನನ್ನ ಲಿಂಗ ತಗದೆ. ಒಬ್ಬರ ಲಿಂಗ ಒಬ್ಬರಿಗೆ ಕೊಡೂಹಂಗಿಲ್ಲ, ಮುಟ್ಟಿಸೂಹಂಗೂ ಇಲ್ಲ, ಜೀವಾ ಎರವಲು ಕೊಡಾಕ ಬರತೈತೇನು? ಅದಕ್ಕ ಮೆಟ್ಟಲದ ರಾಡಿ ಹಚ್ಚೂ ಹೊತ್ತಿಗೆ ನನ್ನ ಕೈ ಸುಟ್ಟಂಗಾತು. ಶಿವನ, ನನ್ನ ನರಕಕ್ಕ ಹಾಕು, ಈಗಲ್ಲ, ಆಮ್ಯಾಲ ಅಂದೆ. ಓಡಿ ಬಂದು ಅವ್ವನ ಕೈಯಾಗ ಇಟ್ಟೆ. ಸಿಕ್ತವ್ವಾ, ರಾಡಿಯಾಗ ಸಿಕ್ತು ಅಂದೆ.

ಮಾಮಿ ಆಕಿನ ಎತ್ತಿ ಕುಂದರ್ಸಿದ್ಳು. ಒದ್ದಿ ಅರಿವೀಲೆ ಮೈ ಒರಸಿದ್ವಿ. ಅವ್ವ ಎಡಗೈಯಾಗ ಲಿಂಗ ಇಟಗೊಂಡು, ಮೂಗಿನ ಮುಂದ ಹಿಡದು ನೋಡಿದ್ಳು. ಭಾಳೊತ್ತು ನೋಡಿದ್ಳು. ಆಮ್ಯಾಲ ಕಣ್ಣಿಗೆ ಒತ್ತಿಕೊಂಡು ನೀರು ಬೇಡಿದ್ಳು. ಎರಡು ಗುಟುಕು, ಮತ್ತ ಎರಡು ಗುಟುಕು. ಮಾಮಿ ತನ್ನ ಮನಿಗೆ ಓಡಿ ಹಾಲು ತಂದ್ಳು, ಅದರಾಗ ರೊಟ್ಟಿ ಮಿದ್ದಿ ಕೊಟ್ವಿ. ಅವ್ವ ನಾಕು ತುತ್ತು ತಿಂದು, ಐದನೇದು ನನ್ನ ಬಾಯಿಗೆ ಹಿಡದಳು. ಉಂಡ್ರ ಲಿಂಗ ಇಲ್ಲದ ಉಂಡಾಕಿ ಆಗತೀನಿ, ಉಣ್ಣದಿದ್ರ ಆಕಿಗೆ ಗೊತ್ತಾಗತೈತಿ. ಬಾಯಿ ತಗದೆ. ಹಸದಿದ್ದೆ, ರುಚಿ ಹತ್ತಿತು. ರುಚಿ ಹತ್ತಿದ್ದಕ್ಕ ನನ್ನ ಮ್ಯಾಲ ನನಗ ಎಂಥಾ ಸಿಟ್ಟು ಬಂತಂದ್ರ, ಆ ನಾಲಿಗಿ ಕಿತ್ತ ಒಗೀಬೇಕು ಅನಸ್ತು.

ಮಾಮಿ ಬಟ್ಟಲಾ ತಗೊಂಡ ಹೋದ ಮ್ಯಾಲ ಅವ್ವ ನನ್ನ ನಡಕ್ಕ ಕೈ ಹಾಕಿ ಲಾಡಿ ಮುಟ್ಟಿ ನೋಡಿದ್ಳು. ಗಂಟು ಇರಲಿಲ್ಲ. ನಂದು ಇದಕಿಂತ ಹಗುರ ಇತ್ತು ಅಂದ್ಳು. ಅಂದವಳ ನನ್ನ ಕಪಾಳಕ್ಕ ಹೊಡದಳು. ಹುಟ್ಟಿದಾಗಿಂದ ನನ್ನ ಮ್ಯಾಲ ಕೈ ಎತ್ತದಾಕಿ, ಮೂರು ದಿನದ ಉಪಾಸದಾಕಿ, ಮುರದ ಬಟ್ಟಿನ ಕೈಲೆ ಹೊಡದಳು. ನಾ ತಿಂದ ಒದಿಕಿ ಎಲ್ಲಾ ನೀರಾಗ ಹಾಕಿದಿ, ನಿನ್ನ ಜೀವಾ ತಿನಸಿ ನನ್ನ ಬದುಕಿಸಿದಿ, ಮುಂಡೇದ ಅಂತ ಬೈದಳು. ಲಿಂಗ ನನ್ನ ಲಾಡಿಗೆ ಕಟ್ಟಾಕ ಬಂದಳು. ನಾ ಆಕಿ ಕೈ ಹಿಡದು ಹೊಳ್ಳಿ ಆಕಿ ಮುಷ್ಟ್ಯಾಗ ತುರುಕಿದೆ. ಆಕಿ ನನ್ನ ಜಡಿ ಹಿಡದಳು, ನಾ ಆಕಿ ಮುರದ ಬಟ್ಟು ಅಂತ ನೆನಪಿಲ್ಲದ ಅದನ್ನ ಹಿಡದು ಬಿಚ್ಚಿದೆ, ಆಕಿ ಚೀರಿದ್ಳು. ಉಳ್ಳಾಡಿದ್ವಿ. ನಿಂದು, ನಿಂದು ಅಂತ ಇಬ್ರೂ ಒದರಾಕ ಹತ್ತಿದ್ವಿ. ತಾಯಿ ಮಗಳು ಬೀದಿ ನಾಯಿ ಹಂಗ ಕಚ್ಚಾಡಿದ್ವಿ, ಒಬ್ಬರ ಜೀವಾ ಒಬ್ಬರಿಗೆ ತುರುಕಾಕ.

ಅಪ್ಪ ಬಂದು ಬಾಗಲದಾಗ ನಿಂತಿದ್ದ. ಎಷ್ಟೊತ್ತಾಗಿತ್ತೋ ಗೊತ್ತಿಲ್ಲ. ಒಂದ ಕಿವಿ ಇದ್ರೂ ನಾವು ಒದರಿದ್ದು ಕೇಳಲಾರದ್ದಲ್ಲ. ಇಷ್ಟು ವರ್ಷ ಅಂವಾ, ಅವ್ವ ನನ್ನ ಕೊಳ್ಳಿಗೆ ಒತ್ತಾಯಲೆ ಕಟ್ಟಾಳ, ಹುಡುಗಿಗೆ ಏನೂ ತಿಳಿಯಂಗಿಲ್ಲ ಅಂತ ತಿಳಕೊಂಡಿದ್ದ. ನನ್ನ ಮಾರಿ ನೋಡಿದ, ಅವ್ವನ ಮುಷ್ಟಿ ನೋಡಿದ. ಹಾರಿ ಮ್ಯಾಲಕ್ಕ ಎತ್ತಿದ, ಇವತ್ತ ಮುಗೀತು ಅಂತ ನಾ ಕಣ್ಣು ಮುಚ್ಚಿದೆ. ಹೊರಗ ಅಂಗಳದಾಗ ಹಾರಿ ಬಿದ್ದ ಸಪ್ಪಳಾತು. ಕಣ್ಣು ತಗದಾಗ ಅಪ್ಪ ಇರಲಿಲ್ಲ.

ಎಸ್‌ಟಿ ಸ್ಟ್ಯಾಂಡಿನಾಗ ಬಸ್ಸಿನ ಹಾದಿ ನೋಡಕೋತ ಕುಂತಿದ್ದ ಅಯ್ನೋರನ್ನ ರಟ್ಟಿ ಹಿಡದು ಕರಕೊಂಡ ಬಂದ. ಎಳಕೊಂಡ ಬಂದನೋ, ಕಾಲಿಗೆ ಬಿದ್ದ ಕರಕೊಂಡ ಬಂದನೋ, ಅಪ್ಪ ಎಂದೂ ಹೇಳಲಿಲ್ಲ, ಕೇಳೂ ಧೈರ್ಯ ನಮಗೂ ಆಗಲಿಲ್ಲ. ಅಯ್ನೋರನ್ನ ಒಳಗ ನೂಕಿ ತಾನು ಹೊಸ್ತಲ ಹೊರಗ ನಿಂತ. ಅಯ್ನೋರು ಜೋಳಿಗಿ ಬಿಚ್ಚಿದ್ರು. ಅವ್ವಗ ಹೊಸಾ ಲಿಂಗ ಕೊಟ್ರು. ನನ್ನದನ್ನ ತೊಳದು, ಹೊಸಾ ಶಿವದಾರಕ್ಕ ಹಾಕಿ, ಮತ್ತ ನನ್ನ ಎಡಗೈಯಾಗ ಇಟ್ರು. ಮೊದಲಿನಿಂದ ಕಟ್ಟಬೇಕು ಅಂದ್ರು. ಕಿವ್ಯಾಗ ಮಂತ್ರ ಹೇಳಿದ್ರು. ಆಮ್ಯಾಲ ಎಲ್ಲಾ ಮಕ್ಕಳಿಗೂ ಹೇಳೂ ಮಾತು ನನಗೂ ಹೇಳಿದ್ರು: ಇದು ನಿನ್ನ ಜೀವಾ, ಜೀವಾ ಹೋದ್ರೂ ಇದನ್ನ ಬಿಡಬ್ಯಾಡ.

"ಆ ಮಾತ ತಗೀರಿ," ಅಂದ ಅಪ್ಪ ಹೊರಗಿನಿಂದ.

ಅಯ್ನೋರು, ಆ ಮಾತಿಲ್ಲದ ಕಟ್ಟಾಕ ಬರಂಗಿಲ್ಲ ಯಜಮಾನ್ರ ಅಂದ್ರು. ಅಪ್ಪ ಹೊಸ್ತಲ ದಾಟಿ ಒಳಗ ಬಂದು ನನ್ನ ಮುಂದ ಕುಂತ. ನಾ ಕಚ್ಚಿದ ಗಾಯ ಬಾತು ಹಸರಾಗಿತ್ತು. ಆ ಕೈಲೆ ನನ್ನ ಗದ್ದ ಹಿಡದು ಮಾರಿ ತನ್ನ ಕಡೆ ತಿರಗಿಸಿಕೊಂಡ.

"ನನ್ನ ಕಣ್ಣಾಗ ನೋಡಿ ಹೇಳು. ಇದು ಎಲ್ಲೇ ಬೀಳಲಿ, ಹೊಳ್ಳಿ ನೋಡಂಗಿಲ್ಲ, ಬಿಟ್ಟ ಬರತೀನಿ ಅಂತ ಹೇಳು. ನೀ ಹೇಳಿದ್ರ ಕಟ್ಟತಾರ."

ಅವ್ವ ನೆಲ ನೋಡಕೋತ ಕುಂತಿದ್ಳು. ಅಪ್ಪನ ಕಣ್ಣಾಗ ನೀರಿತ್ತು. ನಾ ಅದನ್ನ ಅದಕಿಂತ ಮೊದಲ ನೋಡಿದ್ದಿಲ್ಲ, ಆಮ್ಯಾಲೂ ನೋಡಲಿಲ್ಲ.

"ಬಿಟ್ಟ ಬರತೀನಪ್ಪಾ," ಅಂದೆ.

ಸುಳ್ಳ ಹೇಳಿದೆ. ಲಿಂಗ ಕೈಯಾಗಿತ್ತು. ಅದು ಸುಳ್ಳಂತ ಅವ್ವಗ ಗೊತ್ತಿತ್ತು, ಅಯ್ನೋರಿಗೂ ಗೊತ್ತಿತ್ತು. ಅಪ್ಪ ಭಾಳೊತ್ತು ನನ್ನ ಕಣ್ಣಾಗ ನೋಡಿ, ಗದ್ದ ಬಿಟ್ಟು, "ಕಟ್ರಿ," ಅಂದ.